ಎಡಕ್ಕಿರುವ ನದಿ

ಟೈರು ಹೋದದ್ದು ಹಾಪಕೊಸ್ಕಿಯ ಮ್ಯೂಸಿಯಮ್ಮಿನ ಎದುರಿಗೇ.
ಇಪ್ಪತ್ತಾರು ವರ್ಷ ಇದೇ ರೂಟು, ಇದೇ ಸ್ಟಾಪು,
ಬಾಗಿಲು ತೆರೆದಿದ್ದೇನೆ, ಮುಚ್ಚಿದ್ದೇನೆ, ಒಮ್ಮೆಯೂ ಇಳಿದವನಲ್ಲ.
ಹಿತ್ತಲ ಗಿಡ ಮದ್ದಲ್ಲವಲ್ಲ.
ಇದ್ದ ನಾಲ್ಕು ಜನರನ್ನು ಬೇಕರಿಯಲ್ಲಿ ಕೂರಿಸಿ
ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, ಎರಡು ಗಂಟೆ ಅಂದ.
ಮಾರ್ಚಿನ ಹಿಮ, ಅತ್ತ ಗಟ್ಟಿಯಲ್ಲ ಇತ್ತ ನೀರಲ್ಲ.

“ಮಂಗಳವಾರ ರಜೆ,” ಅಂದಳು ಸಿರ್ಕ್ಕಾ, ಕೈಯಲ್ಲಿ ಒದ್ದೆ ಬಟ್ಟೆ,
“ಆದರೂ ಬಾ. ಹೇಗೂ ಕಿಟಕಿ ಒರೆಸುತ್ತಿದ್ದೇನೆ. ಬೂಟು ಬಿಚ್ಚು.”
ಬಿಚ್ಚಿದೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು
ನನಗಿಂತ ಮುಂಚೆ ಒಳಗೆ ಹೋಯಿತು.

ಮೊದಲು ಇದು ಬ್ಯಾಂಕು. ಈಗ ಮೂರು ಕೋಣೆ, ಮೂರರಲ್ಲೂ
ಯಾಲ್ಮಾರಿ ಹಾಲ್ಮೆಯ ಒಂದೇ ನದಿ,
ಒಂದೇ ತಿರುವು, ನಲವತ್ತೊಂದು ಸಲ.
ಮಂಜು ಬಿದ್ದ ತಿರುವು, ಮಂಜು ಎದ್ದ ತಿರುವು,
ಜೂನಿನ ನಡುರಾತ್ರಿ ಕೆನೆಯಂಥ ಬೆಳಕಲ್ಲಿ
ನಿದ್ದೆ ಬಾರದೆ ಮಲಗಿದ ತಿರುವು,
ಫೋಟೋಗೆ ನಿಂತ ಮದುವೆಮನೆಯವರ ಹಾಗೆ ಬರ್ಚ್ ಮರಗಳು;
ಆಚೆ ಗುಡ್ಡ. ದೂರದ್ದು, ಆದ್ದರಿಂದ ನುಣ್ಣಗೆ.
ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ,
ಒಂದರ ಮುಂದೆ ನಿಂತಾಗ ಕುತ್ತಿಗೆಯ ಹಿಂದೆ ತಣ್ಣಗಾಯಿತು:
ಐಸು ಒಡೆದು ಹೊರಡುವ ಹೊತ್ತು,
ಬಿಳಿಯ ಕೆಳಗಿಂದ ಕಪ್ಪು ನೀರು
ಒಂದೇ ಒಂದು ಗೆರೆಯಷ್ಟು ಬಾಯಿ ಬಿಡುತ್ತಿರುವುದು.

“ಗರಗಸದ ಮಿಲ್ಲೆಲ್ಲಿ?” ಅಂದೆ.
ಆ ತಿರುವಿನ ಬಲಕ್ಕೆ, ನೂರು ಹೆಜ್ಜೆಯೂ ಇಲ್ಲ,
ಚಿಮಣಿ ಇತ್ತು, ಸೈರನ್ನಿನ ಕೂಗು ಇತ್ತು,
ಊರಿಗೂರೇ ಮರದ ಹೊಟ್ಟು ಉಸಿರಾಡುತ್ತಿತ್ತು,
ನನ್ನಪ್ಪ ಮೂವತ್ತು ವರ್ಷ ಅಲ್ಲಿ ಹಲಗೆ ತಳ್ಳಿದ.
ನಲವತ್ತೊಂದು ಚಿತ್ರದಲ್ಲಿ ಒಂದೆಳೆ ಹೊಗೆ ಇಲ್ಲವೆ?

ಸಿರ್ಕ್ಕಾ ಬಟ್ಟೆ ಹಿಂಡಿದಳು.
“ಅವನು ಮಿಲ್ಲಿನ ಗುಮಾಸ್ತ. ಸಂಬಳದ ಕಿಟಕಿಯಲ್ಲಿ ಕೂತವನು.
ಎಡಕ್ಕೆ ನದಿ ಕಾಣುತ್ತಿತ್ತು, ಬಲಕ್ಕೆ ಮಿಲ್ಲು.
ವಾರವಿಡೀ ಬಲಕ್ಕೇ ನೋಡಿದವನು
ಭಾನುವಾರವೂ ಅದನ್ನೇ ನೋಡಬೇಕಿತ್ತೆ?”
ಉತ್ತರ ಹೊಳೆಯಲಿಲ್ಲ. ಅಪ್ಪನಿಗೂ ಭಾನುವಾರ ಇತ್ತು.
ಮಲಗಿರುತ್ತಿದ್ದ, ಗೋಡೆಯ ಕಡೆ ಮುಖ ಮಾಡಿ.

“ನಿಮ್ಮ ಮನೆತನ ಯಾವುದು?”
ಹೇಳಿದೆ.
ಬ್ಯಾಂಕಿನ ಹಳೆಯ ತಿಜೋರಿ; ಚಕ್ರ ತಿರುಗಿಸಿದರೆ ಈಗಲೂ ಬಾಗಿಲು
ಮಲಗಿದ ಹಸು ಏಳುವ ಹಾಗೆ ನಿಧಾನ ತೆರೆಯುತ್ತದೆ.
ಒಳಗೆ ಹಣವಿಲ್ಲ, ಮಿಲ್ಲಿನ ಲೆಕ್ಕದ ಪುಸ್ತಕಗಳು.
ಅರವತ್ತೆರಡು, ನವೆಂಬರ್. ಅವಳ ಬೆರಳು ಇಳಿಯುತ್ತ ನಿಂತಿತು.
ಪುಕ್ಕಿಲಾ, ಆರ್ವಿ. ಎಡಗೈ, ಬೆರಳು ಎರಡು.
ಪರಿಹಾರ ನಲವತ್ತು ಸಾವಿರ. ಹಳೆಯ ಮಾರ್ಕು, ಸೊನ್ನೆ ಜಾಸ್ತಿ.
ದುಂಡಗಿನ ಅಕ್ಷರ. ಕಾಟಿಲ್ಲ, ಚಿತ್ತಿಲ್ಲ.

ಅಂಚಿನಲ್ಲಿ ಮಾತ್ರ, ಪೆನ್ಸಿಲಿನಲ್ಲಿ,
ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದು ಕೈಗವಸು.
ಹಲಗೆಯ ಮೇಲೆ ಬಿದ್ದಿದೆ. ಅಪ್ಪನದೇ; ಮಣಿಕಟ್ಟಿನ ಹತ್ತಿರ
ಅಮ್ಮ ಹಾಕಿದ ತೇಪೆ, ಅದರ ಅಡ್ಡಾದಿಡ್ಡಿ ಹೊಲಿಗೆ ಸಹಿತ.
ಮೂರು ಬೆರಳಿಗೆ ನೆರಳು ತುಂಬಿದ್ದಾನೆ,
ಎರಡು ಬರೀ ಕಾಗದ.
ಹಿಂದೆ, ಅಳಿಸಿ ಮತ್ತೆ ಬಿಡಿಸಿದ ಹಾಗೆ, ಚಿಮಣಿಯ ಬುಡ.

ಎಷ್ಟು ಹೊತ್ತು ನಿಂತೆನೋ. ಜೇಬಿನಲ್ಲಿ ಚಿಲ್ಲರೆ ತಡಕುವ ಹಾಗೆ
ಕೋಪಕ್ಕಾಗಿ ತಡಕಿದೆ; ಇತ್ತು, ಸ್ವಲ್ಪ.
“ಇದನ್ನು ಗೋಡೆಗೆ ಹಾಕಬೇಕಿತ್ತು,” ಅಂದೆ.
“ಸಮಿತಿ ಒಪ್ಪಲಿಲ್ಲ. ಇದು ನಿಸರ್ಗಚಿತ್ರ ಅಲ್ಲವಂತೆ.”
ಹೊರಗೆ ಮೆಕ್ಯಾನಿಕ್ಕಿನ ಹಾರನ್ನು.

ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದೆ, ಊರು ಬರೆದೆ,
ಅಭಿಪ್ರಾಯದ ಖಾಲಿ ಸಾಲಿನಲ್ಲಿ ಪೆನ್ನು ನಿಂತುಬಿಟ್ಟಿತು.
ಕೊನೆಗೆ: ಕಿಟಕಿ ಚೊಕ್ಕಟವಾಗಿದೆ.

ಹೋಗುವಾಗ ನದಿ ಎಡಕ್ಕೆ ಸಿಗುತ್ತದೆ.
ಬಲಕ್ಕೆ, ಮಿಲ್ಲು ಇದ್ದಲ್ಲಿ, ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗು,
ಒಂದರೊಳಗೊಂದು ತೂರಿಕೊಂಡ ತಳ್ಳುಗಾಡಿಗಳು.
ತಿರುವಿನಲ್ಲಿ ಗೇರು ಇಳಿಸಿದೆ.
ಹಿಂದಿನ ಸೀಟಿನ ಮುದುಕಿ, ಬನ್ನು ತುಂಬಿದ ಬಾಯಲ್ಲಿ,
“ಯಾಕಪ್ಪಾ, ಮತ್ತೆ ಕೆಟ್ಟಿತೆ?”
ಇಲ್ಲ, ಅಂದೆ. ಐಸು ಇನ್ನೂ ಹೊರಟಿಲ್ಲ.