ಓದಿ ಹೇಳಿ ಕೇಳಿದ್ದು ಸರಿ ಇದೆ

ಹತ್ತೊಂಬತ್ತು ವರ್ಷದಿಂದ ಹಾವೇರಿ ಕೋರ್ಟಿನ ಬೆರಳಚ್ಚುಗಾರ್ತಿ ನಾನು.
ಪ್ರತಿ ಹೇಳಿಕೆಯ ಕೊನೆಗೆ ಬರುವ ಒಂದು ಸಾಲನ್ನು
ಒಂದೇ ಕೀಲಿಗೆ ಕಟ್ಟಿಹಾಕಿದ್ದೆ.
ಒತ್ತಿದರೆ ಸಾಕು, ಬಂದು ಕೂರುತ್ತಿತ್ತು:
ಓದಿ ಹೇಳಿ ಕೇಳಿದ್ದು ಸರಿ ಇದೆ.
ಓದಿದವರಾರು, ಕೇಳಿದವರಾರು,
ತಲೆಯ ಮೇಲಿನ ಫ್ಯಾನಿಗೆ ಗೊತ್ತು.

ಬ್ಯಾಡಗಿಯ ಕಡತ ಬಿಚ್ಚಿದರೆ
ಮೊದಲು ಸೀನು, ಆಮೇಲೆ ಅಪರಾಧ.
ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲದ ಥಪ್ಪಿ ಕುಸಿದು
ಮುನೀಮ ಫಕ್ಕೀರಗೌಡ ಅಡಿಗೆ ಸಿಕ್ಕ.
ದೂಡಿದವನು ಎಂದು ತಂದು ನಿಲ್ಲಿಸಿದ್ದು
ಒಡಿಶಾದ ಯಾವುದೋ ಗುಡ್ಡದ ಹುಡುಗನನ್ನು.
ಗುತ್ತಿಗೆದಾರ ಹಿಂದಿಯಲ್ಲಿ ಕೇಳಿದ,
ಅದೂ ನಮ್ಮ ಬ್ಯಾಡಗಿ ಪೇಟೆಯ ಹಿಂದಿ.
ಹುಡುಗ ಹೂಂ ಅಂದ.
"ಒಪ್ಪಿಕೊಂಡಿದ್ದಾನೆ" ಅಂತ ನಾನು ಬಡಿದೆ.
ಕೀಲಿ ಒತ್ತಿದೆ. ಊಟದ ಡಬ್ಬಿ ತೆಗೆದೆ.

ರಾತ್ರಿ ಮೊಮ್ಮಗಳಿಗೆ ಕಥೆ ಹೇಳುತ್ತಿದ್ದೆ.
ರಾಕ್ಷಸ ಊರು ನುಂಗಿದ, ಹೂಂ.
ಕೆರೆ ಕುಡಿದ, ಹೂಂ.
ಅರ್ಧನಿದ್ದೆಯ ಆ ಮಗು ಯಾವುದನ್ನು ಒಪ್ಪಿಕೊಂಡಿತು?
ಇದ್ದೇನೆ, ಹೇಳುತ್ತಿರು, ಅಂದಿತು, ಅಷ್ಟೆ.
ಆಮೇಲೆ ಅವಳು ಮಲಗಿದಳು. ನನಗೆ ನಿದ್ದೆ ಇಲ್ಲ.

ಹನ್ನೊಂದು ತಿಂಗಳಿಗೆ ಹೊಸ ಸಾಹೇಬರು ಬಂದರು.
"ಇವನ ಮಾತು ಯಾವುದು?" ಕೇಳಿದರು.
ವಕೀಲರು ಒಡಿಯಾ ಅಂದರು, ಪೊಲೀಸರು ಹಿಂದಿ ಅಂದರು.
ಎರಡೂ ಅಲ್ಲ, ಕುಯಿ.
ಬಲ್ಲವರನ್ನು ಹುಡುಕಲು ಆರು ವಾಯಿದೆ ಹೋದವು.
ಕೊನೆಗೆ ಸಿಕ್ಕಳು ಜುನಾಕಿ ಮಲ್ಲಿಕ್,
ರಾಣೆಬೆನ್ನೂರಲ್ಲಿ ಬೀಜದ ಪ್ಯಾಕೆಟ್ ಹೊಲಿಯುವವಳು,
ಬಗಲಲ್ಲಿ ಕೂಸು, ಒಂದು ದಿನದ ಪಗಾರ ಬಿಟ್ಟು.

ಪ್ರಮಾಣ ಮಾಡಿಸಿದರು. ಅವಳು ಅವನತ್ತ ತಿರುಗಿ
ಏನೋ ಕೇಳಿದಳು. ಹುಡುಗನ ಗಲ್ಲ ನಡುಗಿತು.
"ಏನು ಕೇಳಿದಿರಿ?" ಎಂದು ಸರ್ಕಾರಿ ವಕೀಲರು ಎದ್ದರು.
"ಊಟ ಆತೇನಂತ ಕೇಳಿದ್ನಿರೀ."
"ಅದು ಪ್ರಶ್ನೆಯಲ್ಲಿ ಇಲ್ಲ!"
ಸಾಹೇಬರು ಕನ್ನಡಕ ಒರೆಸಿಕೊಂಡರು,
ಬರೆಯಿರಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ.

ಆಮೇಲೆ ಮಾತು ಬಂತು, ತಡವರಿಸುತ್ತ,
ಅವನಿಂದ ಅವಳಿಗೆ, ಅವಳಿಂದ ನನ್ನ ಬೆರಳಿಗೆ.
"ಬೆನ್ನು ಕೊಟ್ಟೆ ಅಂತಾನ್ರೀ."
ಬೆರಳು ನಿಂತವು.
ಬೆನ್ನು ಕೊಟ್ಟ ಅಂದರೆ ಓಡಿಹೋದ ಎಂದೇ,
ಆಸರೆಯಾದ ಎಂದೇ? ನಮ್ಮ ಕನ್ನಡವೇ ಕವಲೊಡೆಯಿತು.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ನಾನೇ ಬಾಯಿಬಿಟ್ಟೆ: "ಯಾವ ಬೆನ್ನವ್ವಾ?"
ಜುನಾಕಿ ಕೂಸನ್ನು ಪೇದೆಯ ಕೈಗಿಟ್ಟು
ಗೋಡೆಗೆ ಬೆನ್ನು ಹಚ್ಚಿ, ಕಾಲೂರಿ, ಹಲ್ಲು ಕಚ್ಚಿ ತೋರಿಸಿದಳು.
"ಥಪ್ಪಿ ಬೀಳಬಾರದಂತ. ಹಿಂಗ.
ಮುನೀಮರನ್ನ ಸರೀರಿ ಅಂತ ಕೂಗಿದ್ನಂತ,
ಅವರಿಗೆ ತಿಳೀಲಿಲ್ಲಂತ."

ಎಲ್ಲೋ ಒಂದು ಸೀನು. ಮತ್ತೆ ಮೌನ.

ತೀರ್ಪು ಇನ್ನೂ ದೂರ. ಚೀಲಗಳು ಸಾಕ್ಷಿ ಹೇಳುವುದಿಲ್ಲ.
ಅಂದು ಆ ಕೀಲಿಯನ್ನು ನಾನು ಒತ್ತಲಿಲ್ಲ.
ಮೊದಲಿಂದ ಓದಿದೆ, ಒಂದೊಂದೇ ವಾಕ್ಯ,
ಜುನಾಕಿ ಹೊತ್ತು ದಾಟಿಸುವವರೆಗೂ ಕಾದು.
ಅವನು ಕೇಳುತ್ತಿದ್ದ, ಹೂಂ, ಹೂಂ,
ಮೇಲೆ ಬರೆದಿದ್ದ ಹೆಸರಿಗೆ ಬಂದಾಗ ಮಾತ್ರ ಕತ್ತೆತ್ತಿದ:
ಉಹ್ಞೂಂ.
"ದಾಮೋದರ ಅಲ್ಲಂತ್ರೀ. ಡಂಬರು. ಡಂಬರು ಕನ್ಹರ."

ಹಳೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಅಳಿಸಿದೆ.