ತಿದ್ದುಪಡಿ, ಸಂಜೆ ಆರೂ ಐವತ್ತಕ್ಕೆ

ಕಾರ್ಡು ಬಂದದ್ದು ಮಂಗಳವಾರ.
ಮೋಟೆಬೆನ್ನೂರಿನ ಸಿಕ್ಕೆ, ಅಂಚಿಗೆಲ್ಲ ಕೆಂಪು ಪುಡಿ.
ಧಾರವಾಡದ ರೇಡಿಯೋ ನಿಲಯಕ್ಕೆ ಬರುವ ಕಾಗದಗಳಲ್ಲಿ
ಹೆಚ್ಚಿನವು ಹಾಡು ಕೇಳುತ್ತವೆ,
ಮನೆಮಂದಿಯ ಹೆಸರನ್ನೆಲ್ಲ ಓದಿರೆನ್ನುತ್ತವೆ.
ಇದು ಏನನ್ನೂ ಕೇಳಿರಲಿಲ್ಲ.

“ಅಕ್ಕಾರ,
ಹೋದ ಗುರುವಾರ ಸಂಜಿಮುಂದ
ಬ್ಯಾಡಗಿ ಪ್ಯಾಟಿ ಧಾರಣಿ ಓದಿದವರು ನೀವ.
ಕಡ್ಡಿ ಮೂವತ್ತೊಂದು ಸಾವಿರ ಅಂದ್ರಿ,
ಡಬ್ಬಿ ಇಪ್ಪತ್ತಾರು ಅಂದ್ರಿ.
ನಾ ಮೆಣಸಿನಕಾಯಿ ತುಂಬು ಮುರಿಯೋ ಹೆಂಗಸು.
ತಮ್ಮನ ಪಾಲಿಂದು ಎರಡು ಚೀಲ ಕಡ್ಡಿ ಇತ್ತು.
ದಲಾಲಿ ಅಂಗಡ್ಯಾಗ ಗಟ್ಟಿಯಾಗಿ ನಿಂತು
ಮೂವತ್ತೊಂದು, ರೇಡಿಯೋದಾಗ ಹೇಳ್ಯಾರ, ಅಂದೆ.
ಹಮಾಲರು ಸೈತ ನಕ್ಕರು.
ಹಂಗಾರ ರೇಡಿಯೋಕ್ಕ ಮಾರು ಹೋಗ, ಅಂದ ಸಾವಕಾರ.
ತಪ್ಪಿದವರು ನೀವು, ಸುಳ್ಳಿ ಆದಾಕಿ ನಾ.
ಇಷ್ಟ ತಿಳಿಸೋದಿತ್ತು.
ಇಂತಿ ಜೈತುನಬಿ ನದಾಫ.
ಬರದಾಕಿ ಮಗಳು, ಏಳನೇ ಇಯತ್ತೆ.”

ಆ ದಿನದ ಹಾಳೆ ಹುಡುಕಿದೆ.
ಫೋನು ಹಿಡಿದು ಬರೆದುಕೊಂಡದ್ದು ನಾನೇ,
ಎರಡು ಸಾಲು, ಎರಡೂ ಸರಿ.
ತಪ್ಪಿದ್ದು ಕಣ್ಣು, ಒಂದು ಗೆರೆ ಕೆಳಗೆ ಜಾರಿ
ಒಂದರ ಹೆಸರಿಗೆ ಇನ್ನೊಂದರ ಬೆಲೆ.
ದಾಖಲೆ ಪುಸ್ತಕದಲ್ಲಿ ಆ ಸಂಜೆಗೆ
‘ಪ್ರಸಾರ ತೃಪ್ತಿಕರ’.

ಹಂಚಿನಮನಿ ಸರ್ ಕೆಟ್ಟವರಲ್ಲ.
“ಧಾರಣಿ ದಿನಾ ಬದಲಾಗ್ತದ, ಯಾರಿಗೆ ನೆನಪಿರ್ತದ?
ಗಾಳ್ಯಾಗ ಹೋದದ್ದು ಗಾಳ್ಯಾಗ ಹೋತು.
ಒಂದಕ್ಕ ತಪ್ಪಾತು ಅಂದ್ರ ನಾಳೆ ಎಲ್ಲಾದಕ್ಕೂ ಕೇಳ್ತಾರ.”

ಕೇಳಲಿ ಅಂತಲೇ ಅಲ್ಲವೇ ಸರ್ ನಾವಿರುವುದು
ಎಂಬ ಉತ್ತರ ಹೊಳೆದದ್ದು
ಸಪ್ತಾಪುರದ ಬಸ್ಸು ಹತ್ತಿದ ಮೇಲೆ.
ಅಲ್ಲಿ ಅಂದದ್ದು ಬರೀ “ಹೂಂ ಸರ್”.
ದಿನಗೂಲಿಯ ದನಿ ನನ್ನದು,
ತಿಂಗಳಿಗೆ ಆರು ಪಾಳಿ.

ಮರುದಿನ ಅವರೇ ಕರೆದರು.
ಮಧ್ಯಾಹ್ನ, ಮಹಿಳಾ ಕಾರ್ಯಕ್ರಮ ಮುಗಿದ ಕೂಡಲೇ,
ಒಂದು ಸಾಲು: ವ್ಯತ್ಯಾಸಕ್ಕೆ ವಿಷಾದಿಸುತ್ತೇವೆ.
“ತಪ್ಪಾದದ್ದು ಆರೂ ಐವತ್ತಕ್ಕೆ ಸರ್.
ಮಧ್ಯಾಹ್ನ ಆಕೆ ತುಂಬು ಮುರಿಯುತ್ತಿರುತ್ತಾಳೆ,
ಸಾವಕಾರ ಮಲಗಿರುತ್ತಾನೆ.”
ಕನ್ನಡಕ ತೆಗೆದರು, ಒರೆಸಿದರು,
ಅದು ಮೊದಲೇ ಸ್ವಚ್ಛವಿತ್ತು.
“ಆಕಿ ಹೆಸರು ಬ್ಯಾಡ.”
“ನನ್ನದು?”
“ಅದು ನಿನಗ ಬಿಟ್ಟದ್ದು.”

ಗುರುವಾರ. ಕೆಂಪು ದೀಪ.
ಡಬ್ಬಿಯ ಬೆಲೆಯನ್ನು ಕಡ್ಡಿಗೆ,
ಕಡ್ಡಿಯದನ್ನು ಡಬ್ಬಿಗೆ ಹೋದ ವಾರ ಓದಿದೆ.
ನಮಗೆ ಬಂದ ಧಾರಣೆ ಸರಿ ಇತ್ತು,
ಓದಿದ ನಾನು, ಸುಗಂಧಾ ಮುಳಗುಂದ, ತಪ್ಪಿದೆ.
ಅದನ್ನು ನಂಬಿ ಅಂಗಡಿಯಲ್ಲಿ ಮಾತಾಡಿದವರು
ಸುಳ್ಳು ಹೇಳಿರಲಿಲ್ಲ.

ಇಷ್ಟೇ ಬರೆದುಕೊಂಡಿದ್ದೆ.
ಕಾರ್ಡು ಯಾಕೆ ಕೈಯಲ್ಲಿತ್ತೋ,
ತಿರುಗಿಸಿದೆ, ಪುಡಿ ಎದ್ದಿತು,
ಗುಂಡಿಗೆ ಬೆರಳು ಹೋಗುವ ಮೊದಲೇ ಸೀನಿದೆ,
ಹಾವೇರಿ ಗದಗ ಹುಬ್ಬಳ್ಳಿಗೆಲ್ಲ ಕೇಳುವ ಹಾಗೆ,
ಮತ್ತೊಮ್ಮೆ ಸೀನಿದೆ.
ಪುಸ್ತಕದಲ್ಲಿ ಸರ್ ಅವರದೇ ಕೈಬರಹ:
‘೧೮.೫೨. ಉದ್ಘೋಷಕಿ ಸೀನಿದರು. ಎರಡು ಸಲ.’
ತೃಪ್ತಿಕರ ಎಂಬುದನ್ನು ಬರೆದಿಲ್ಲ, ಹೊಡೆದೂ ಹಾಕಿಲ್ಲ.

ಹತ್ತು ದಿನಕ್ಕೆ ಇನ್ನೊಂದು ಕಾರ್ಡು.
“ಕೇಳಿದ್ವಿ. ಅಂಗಡ್ಯಾಗ ಸಾವಕಾರನ ಆವಾಜು ಏರಿಸಿದ.
ಯಾರೋ ಬರದುಕೊಟ್ಟದ್ದು ಓದ್ತಾರ ಅಂತ ಅನುಮಾನ ಇತ್ತು,
ನೀವು ಸೀನಿದ ಮ್ಯಾಲ ಹೋತು.
ನನ್ನ ಕಾರ್ಡು ಹಿಡಕೊಂಡಾರ, ನಮ್ಮ ಘಾಟು ಅದು,
ಅಂತ ಎಲ್ಲಾರಿಗೂ ಹೇಳಿದೆ.
ಚೀಲ ಇಪ್ಪತ್ತೈದಕ್ಕ ಹೋದವು. ಅದು ಬ್ಯಾರೆ ಮಾತು.
ನಿನ್ನಿ ಗುಂಟೂರು ಧಾರಣಿ ಓದಲೇ ಇಲ್ಲ. ಯಾಕ?”

ಯಾಕ ಎಂಬುದರ ಕೆಳಗೆ
ಮಗಳು ಅಡಿಪಟ್ಟಿ ಇಟ್ಟು
ಎರಡು ಗೆರೆ ಎಳೆದಿದ್ದಾಳೆ.