ಪ್ರಕಟಣೆಯ ಕೃಪೆಗಾಗಿ

ಗುತ್ತಲು ರಸ್ತೆಯ ಟಯರಂಗಡಿ ಮಹಡಿಯ ಮೇಲೆ
ನಮ್ಮ ಕಚೇರಿ. ರಬ್ಬರ್ ವಾಸನೆಗೆ ಮೂಗು ಒಗ್ಗಿಹೋಗಿದೆ.
ಸರಕು ಸಾಗಣೆದಾರರ ಸಂಘ, ಮಂಡ್ಯ.
ಬೋರ್ಡಿನಲ್ಲಿ ‘ದಾ’ದ ದೀರ್ಘ ಉದುರಿ
ಸಾಗಣೆದರರ ಸಂಘವಾಗಿ ಎರಡು ಮಳೆಗಾಲ ಕಳೆಯಿತು.

ನನ್ನ ಕೆಲಸ ಬರೆಯುವುದು.
ಡೀಸೆಲ್ಲಿಗೊಂದು, ಟೋಲಿಗೊಂದು, ಆಯುಧಪೂಜೆಯ ಶುಭಾಶಯಕ್ಕೊಂದು,
ಎಲ್ಲದರ ನೆತ್ತಿಯಲ್ಲೂ ‘ಪ್ರಕಟಣೆಯ ಕೃಪೆಗಾಗಿ’,
ಬುಡದಲ್ಲಿ ಅಧ್ಯಕ್ಷ ಪುಟ್ಟಸ್ವಾಮಾಚಾರ್ ಅವರ ರುಜು,
ಬಹಳ ಸಲ ಅದೂ ನಾನೇ.

ಎಂಟು ವರ್ಷದಿಂದ ಒಂದು ಪದದ ಜೊತೆ ನನ್ನ ಜಗಳ:
ಯಮಸ್ವರೂಪಿ ಲಾರಿ.
ಬಸ್ಸು ಗುದ್ದಿದರೆ ಬಸ್ಸು, ಕಾರು ಗುದ್ದಿದರೆ ಕಾರು,
ಲಾರಿ ಮಾತ್ರ ಕೋಣ ಏರಿ ಬರುತ್ತದೆ ಪತ್ರಿಕೆಗೆ.
ನಿಂತ ಲಾರಿಗೆ ಹಿಂದಿನಿಂದ ಬಂದು ಬಡಿದರೂ
ನಿಂತದ್ದೇ ಯಮ.
ಕತ್ತರಿಸಿ ಕತ್ತರಿಸಿ ಲೆಡ್ಜರಿಗೆ ಅಂಟಿಸಿದ್ದೇನೆ, ದಿನಾಂಕ ಸಮೇತ.
ಸಂಪಾದಕರಿಗೆ ಬರೆದೆ: ಮಾನ್ಯರೇ,
ನಿಮ್ಮ ಪತ್ರಿಕೆಯ ಕಾಗದದ ಉರುಳೆ ಬರುವುದೂ
ಅದೇ ಯಮನ ಬೆನ್ನ ಮೇಲೆ.
ಮೂರು ಸಾಲು ಅಚ್ಚಾಯಿತು, ಉರುಳೆಯ ಸಾಲು ಬಿಟ್ಟು.

ಒಮ್ಮೆ ಪತ್ರಿಕಾಗೋಷ್ಠಿ ಮಾಡಿದೆವು.
ಹನ್ನೊಂದು ಜನ ಬಂದರು. ಖಾರಾಬಾತು ಚೆನ್ನಾಗಿತ್ತು.
‘ನಾವು ಈ ನಾಡಿನ ನರನಾಡಿ’ ಅಂದರು ಅಧ್ಯಕ್ಷರು,
ನಾನು ಬರೆದುಕೊಟ್ಟದ್ದು, ಎರಡು ಸಲ ಅಂದರು.
ಕುರ್ಚಿ ಜೋಡಿಸಿ ಬಾಗಿಲಲ್ಲಿ ನಿಂತಿದ್ದ ಡ್ರೈವರ್ ತಿಬ್ಬಯ್ಯ
ಆಮೇಲೆ ಹತ್ತಿರ ಬಂದು, ಕನ್ನಡಕ ಒರೆಸಿಕೊಳ್ಳುತ್ತ ಕೇಳಿದ:
‘ನರನಾಡಿ ಅಂದ್ರಲ್ಲವ್ವ, ಓನರ್‌ಗಳೋ, ನಾವೂ ಸೇರ್ಕೊಂಡೋ?’
ಎಲ್ಲರೂ, ಅಂದೆ.
‘ಅಂಗಾದ್ರೆ ನಂದು ಮೂರು ಟ್ರಿಪ್ಪಿನ ಬಾಟಾ ಬಾಕಿ ಐತೆ,
ಒಂದ್ ಮಾತು ಹೇಳಿ.’
ಹೇಳುತ್ತೇನೆ ಅಂದೆ. ಹೇಳಲಿಲ್ಲ.

ಕಾರ್ತಿಕದ ಒಂದು ನಸುಕು, ಇಂಡುವಾಳಿನ ಹತ್ತಿರ
ಅವನ ಲಾರಿ ವಿಭಜಕ ಹತ್ತಿ ಮಗ್ಗುಲಾಯಿತು.
ಐನೂರು ಮೂಟೆ ಸಕ್ಕರೆ ಹೆದ್ದಾರಿಯ ಪಾಲು.
ಸೆರಗು, ಟವೆಲ್ಲು, ಬಕೆಟ್ಟು.
ಒಬ್ಬ ಹೆಲ್ಮೆಟ್ ಕಳಚಿ ಅದರಲ್ಲೇ ತುಂಬಿಕೊಂಡ,
ಟೀವಿಯಲ್ಲಿ ಇಡೀ ದಿನ ಅವನೇ.
‘ಸಕ್ಕರೆ ನಾಡಲ್ಲಿ ಸಕ್ಕರೆ ಮಳೆ!’
ಕ್ಯಾಬಿನ್ನಿನಲ್ಲಿ ಕಾಲು ಸಿಕ್ಕಿಕೊಂಡವನ ಸುದ್ದಿ
ಕೆಳಗೆ ಓಡುವ ಪಟ್ಟಿಯಲ್ಲಿ, ಚಿನ್ನದ ದರದ ಹಿಂದೆ.

ಹತ್ತು ಗಂಟೆಗೆ ಅಧ್ಯಕ್ಷರ ಫೋನು. ಲಾರಿ ಅವರದೇ.
‘ಓವರ್‌ಲೋಡ್ ಮಾತು ಬರಬಾರ್ದು ನೋಡಮ್ಮ.’
ಬರೆದೆ. ಪದಗಳಿಗೆ ನನ್ನಲ್ಲಿ ಬರವೇ?
‘ಘಟನೆಗೆ ಚಾಲಕನ ವೈಯಕ್ತಿಕ ಅಜಾಗರೂಕತೆಯೇ ಕಾರಣ.
ಸಂಘವು ವಿಷಾದಿಸುತ್ತದೆ.’
ಹಿಂದಿನ ರಾತ್ರಿ ಹುಬ್ಬಳ್ಳಿಯಿಂದ ಬಂದಿಳಿದವನನ್ನು
ಮುಖ ತೊಳೆಯಲೂ ಬಿಡದೆ ಮತ್ತೆ ಹತ್ತಿಸಿದ್ದು
ಅದರಲ್ಲಿ ಇರಲಿಲ್ಲ.

ಮರುದಿನ ಬಂದಿತ್ತು, ಐದನೇ ಪುಟ, ಮೂರು ಕಾಲಂ.
ಒಂದಕ್ಷರವನ್ನೂ ಅವರು ಕತ್ತರಿಸಿರಲಿಲ್ಲ.
ಯಮ ಎಲ್ಲೂ ಇರಲಿಲ್ಲ.
ಗೋಂದಿನ ಮುಚ್ಚಳ ತೆಗೆದೆ, ಹಾಕಿದೆ.

ದೊಡ್ಡಾಸ್ಪತ್ರೆಯ ಮೂಳೆ ವಾರ್ಡು.
ಎಳೆದು ಕಟ್ಟಿದ ಕಾಲಿನ ತುದಿಗೆ ಇಟ್ಟಿಗೆ ಇಳಿಬಿಟ್ಟಿದ್ದರು.
ಕನ್ನಡಕ ಒಡೆದುಹೋಗಿತ್ತು.
‘ಸಂಘದೋರು ಏನೋ ಬರ್ದವ್ರಂತೆ, ಓದ್ರವ್ವ’
ಅಂತ ಪೇಪರನ್ನು ನನ್ನತ್ತಲೇ ಚಾಚಿದ.
ಬರೆಯುವವಳು ಯಾರೆಂದು ಅವನಿಗೆ ಗೊತ್ತು.

ತಲೆಬರಹ ಓದಿದೆ. ಸ್ಥಳ ಓದಿದೆ. ಲಾರಿಯ ನಂಬರು ಓದಿದೆ.
‘ಚಾಲಕನ’ ಅನ್ನುವಾಗ ಪಕ್ಕದ ಮಂಚದವನು ಕೆಮ್ಮಿದ,
ಆ ಕೆಮ್ಮಿನ ಮರೆಯಲ್ಲಿ ಒಂದು ಸಾಲು ದಾಟಿ
‘ಸಂಘವು ವಿಷಾದಿಸುತ್ತದೆ’ಗೆ ಬಂದು ನಿಂತೆ.

‘ಅಷ್ಟೇಯಾ?’
ಅಷ್ಟೇ.
‘ಒಳ್ಳೇ ಮಾತೇ ಬರ್ದವ್ರೆ ಬುಡಿ’ ಅಂದ ತಿಬ್ಬಯ್ಯ,
ಕಿಟಕಿಯ ಕಡೆ ಮುಖ ತಿರುಗಿಸಿ.
ಇಟ್ಟಿಗೆ ಸ್ವಲ್ಪ ತೂಗಿತು.